ಅಮೆರಿಕದ ಅಣು ನಿಯಮಕ್ಕೆ ಮಕ್ಕಂದೂರಿನಿಂದ ಅಭಿಪ್ರಾಯ ಕಳಿಸಿದೆ: ಐದಕ್ಕೆ ಐದು ಸ್ಟಾರ್

2025ರ ಫೆಬ್ರವರಿ. ಕಣದಲ್ಲಿ ಕಾಫಿ ಒಣಗುತ್ತಿತ್ತು. ಕಾವಲಿಗೆ ಕೂತವನು ಎರಡು ರಾತ್ರಿ ಮೊಬೈಲ್‌ನಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗದ ಕರಡು ನಿಯಮ ಓದಿದೆ. ಹೊಸ ಬಗೆಯ ರಿಯಾಕ್ಟರ್‌ಗಳಿಗೆ ಲೈಸೆನ್ಸ್ ಕೊಡುವ ‘ಪಾರ್ಟ್ 53’ ಅದು. ಆ ತಿಂಗಳ ಬಜೆಟ್‌ನಲ್ಲಿ ನಮ್ಮ ಸರ್ಕಾರವೂ ಸಣ್ಣ ರಿಯಾಕ್ಟರ್‌ಗಳಿಗೆ 20,000 ಕೋಟಿ ರೂಪಾಯಿ ಹೇಳಿತ್ತು. 2033ರೊಳಗೆ ಐದಾದರೂ ನಡೆಯಬೇಕಂತೆ. ಬೇರೆ ದೇಶದವರು ಜನರನ್ನು ಹೇಗೆ ಕೇಳ್ತಾರೆ, ನೋಡೋಣ ಅನ್ನಿಸಿತು.

ಕರಡು ಬಂದದ್ದು 2024ರ ಅಕ್ಟೋಬರ್ 31ಕ್ಕೆ. ಅಭಿಪ್ರಾಯಕ್ಕೆ ಫೆಬ್ರವರಿ 28ರವರೆಗೆ ಟೈಮ್. ಆದರೆ ನನಗೆ ಜಾಸ್ತಿ ಇಷ್ಟವಾದದ್ದು ಬೇರೆ. 2020ರಿಂದಲೇ ನಿಯಮದ ತುಂಡು ತುಂಡು ಬರಹವನ್ನು ಹೊರಗಿಟ್ಟು ಜನರ ಮಾತು ಕೇಳಿದ್ದಾರೆ. ಹಸಿ ಇಟ್ಟಿಗೆಯನ್ನು ತಿದ್ದಬಹುದು, ಸುಟ್ಟ ಮೇಲೆ ಆಗಲ್ಲ ಅಲ್ವಾ? ಬೇರೆಯವರು ಬರೆದದ್ದೂ ಅಲ್ಲೇ ಓದಲು ಸಿಗುತ್ತದೆ.

ನಾನು ಬರೆದದ್ದು ರಸ್ತೆಯ ಬಗ್ಗೆ. ಅಪಘಾತವಾದರೆ ಜನರನ್ನು ಕಾಪಾಡುವ ತುರ್ತು ಯೋಜನೆಗೆ ದೊಡ್ಡ ಸ್ಥಾವರಗಳ ಸುತ್ತ ಸುಮಾರು 16 ಕಿ.ಮೀ. ವಲಯ ಇರುತ್ತದೆ. ಸಣ್ಣ ರಿಯಾಕ್ಟರ್‌ಗೆ ಅಪಾಯ ಕಡಿಮೆ ಅಂತ ತೋರಿಸಿದರೆ ವಲಯವನ್ನು ಕುಗ್ಗಿಸಲು 2023ರ ನಿಯಮ ಅವಕಾಶ ಕೊಟ್ಟಿದೆ. 2018ರ ಆಗಸ್ಟ್‌ನಲ್ಲಿ ನಮ್ಮ ಗುಡ್ಡ ಕುಸಿದಾಗ ಮಡಿಕೇರಿಗೆ ಹೋಗುವ ದಾರಿಯೇ ಇರಲಿಲ್ಲ. ಮಳೆ, ಕುಸಿತ, ರಿಯಾಕ್ಟರ್ ಅಪಘಾತ ಒಟ್ಟಿಗೇ ಬಂದರೆ ಆ ಲೆಕ್ಕ ನಿಲ್ಲುತ್ತದಾ ಅಂತ ಕೇಳಿದೆ. ಮಗಳು ಇಂಗ್ಲಿಷ್ ತಿದ್ದಿಕೊಟ್ಟಳು. “ಅಪ್ಪಾ, ಅಷ್ಟು ದೂರದವರು ಇದನ್ನ ಓದ್ತಾರಾ?” ಅಂದಳು. ಬಟನ್ ಒತ್ತಿದ ಕೂಡಲೇ, ಅಭಿಪ್ರಾಯ ತಲುಪಿತು ಅನ್ನೋದಕ್ಕೆ ಒಂದು ನಂಬರ್ ಬಂತು. ಕಾಫಿ ಮೂಟೆ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟೆ. ಬಂದ ಅಭಿಪ್ರಾಯಗಳಿಗೆ ಅಂತಿಮ ನಿಯಮದ ಜೊತೆ ಉತ್ತರ ಕೊಡುವುದು ಅಲ್ಲಿಯ ಪದ್ಧತಿ.

ಹಿಂದೆ ನಮ್ಮ ಕಡೆಯ ಒಂದು ಯೋಜನೆಯ ಅಹವಾಲು ಸಭೆಗೆ ಹೋಗಿದ್ದೆ. ದಪ್ಪ ವರದಿ, ಪೂರ್ತಿ ಇಂಗ್ಲಿಷ್. ಮುಂದಿನ ಸಾಲಿನ ಅಜ್ಜಿ ಮೈಕ್ ಹಿಡಿದು, “ನನ್ನ ಗದ್ದೆಗೆ ನೀರು ಬರ್ತದಾ?” ಅಂತ ಕೇಳಿದರು. ಉತ್ತರ ಬರಲೇ ಇಲ್ಲ. ಇಂಥ ಸಭೆಗೆ 2006ರ ಪರಿಸರ ಅಧಿಸೂಚನೆ 30 ದಿನದ ನೋಟಿಸ್ ಕೇಳುತ್ತದೆ, ಸ್ಥಳೀಯ ಭಾಷೆಯಲ್ಲಿ ಸಾರಾಂಶವನ್ನೂ ಕೇಳುತ್ತದೆ. ನಮ್ಮ ಸಣ್ಣ ರಿಯಾಕ್ಟರ್‌ಗಳ ನಿಯಮ ಬರೆಯುವಾಗಲೂ ಕರಡು ಹಸಿಯಾಗಿರುವಾಗಲೇ ಕನ್ನಡದಲ್ಲಿ ಕೈಗೆ ಸಿಗಬೇಕು. ಆ ಅಜ್ಜಿಯ ಪ್ರಶ್ನೆಗೂ ಒಂದು ನಂಬರ್ ಬೀಳಬೇಕು.