ಯಾಜಕರ ಕ್ಲಾಸಿಗೆ ನಾಲ್ಕು ಸ್ಟಾರ್, ಚಾರ್ಟಿಗೆ ಒಂದೂವರೆ

ನಮ್ಮ ಸಂಡೇ ಸ್ಕೂಲಿನಲ್ಲಿ ಏಳನೇ ಕ್ಲಾಸಿನ ಹುಡುಗ ಒಬ್ಬನಿದ್ದಾನೆ. ನಾನು ಪಾಠ ಮುಗಿಸಿ ಬಿಸ್ಕತ್ತಿನ ಡಬ್ಬಿ ತೆಗೆಯುವ ಹೊತ್ತಿಗೆ ಸರಿಯಾಗಿ ಅವನ ಪ್ರಶ್ನೆ ಬರುತ್ತದೆ. "ಟೀಚರ್, ಆರೋನನ ಮಕ್ಕಳು ಮಾತ್ರ ಯಾಜಕರು ಅಂದ್ರಿ. ಸಮುವೇಲ ಎಫ್ರಾಯೀಮಿನ ಕಡೆಯವನು. ಮತ್ತೆ ಅವನು ಹೇಗೆ ಕುರಿಮರಿ ಬಲಿ ಕೊಟ್ಟ?" ನಾನು ಸುಮ್ನೆ ಬಿಸ್ಕತ್ತು ಹಂಚಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೈಬಲಿನಲ್ಲಿ ದೇವರ ಸೇವೆ ಲೇವಿ ಕುಲದ್ದು, ಅದರಲ್ಲೂ ಬಲಿ ಕೊಡುವ ಯಾಜಕತ್ವ ಮೋಶೆಯ ಅಣ್ಣ ಆರೋನನ ಸಂತತಿಯದ್ದು. ಎಫ್ರಾಯೀಮ್ ಬೇರೆ ಕುಲ, ಸಮುವೇಲ ಒಬ್ಬ ಪ್ರವಾದಿ.

ಆ ಪ್ರಶ್ನೆ ತಲೆಯಲ್ಲೇ ಉಳಿದಿದ್ದರಿಂದ ಬೈಬಲಿನ ಯಾಜಕರ ವಂಶದ ಬಗ್ಗೆ ನಡೆಯುವ ಈ ಆನ್‌ಲೈನ್ ಕ್ಲಾಸಿಗೆ ಸೇರಿದೆ. ಆರು ಶನಿವಾರ, ಸಂಜೆ ಏಳರಿಂದ ಎಂಟೂವರೆ, ಫೀಸು 900 ರೂಪಾಯಿ. ಜೊತೆಗೆ ಪೋಸ್ಟಿನಲ್ಲಿ ಒಂದು ಬಣ್ಣದ ವಂಶಾವಳಿ ಚಾರ್ಟ್. ನಡೆಸುವವರ ಹೆಸರು ಹಾಕುವುದಿಲ್ಲ, ಜಗಳ ಬೇಡ.

ಮೊದಲು ಒಳ್ಳೇದು ಹೇಳುತ್ತೇನೆ. ಪಾಠ ಮಾಡುವವರು ನಿವೃತ್ತ ಪಾಸ್ಟರ್. ಒಂದಕ್ಕೊಂದು ಹೊಂದದ ಎರಡು ವಚನ ಓದಿಸಿ, ಸ್ವಲ್ಪ ಹೊತ್ತು ಮಾತೇ ಆಡುವುದಿಲ್ಲ. ತೇಪೆ ಹಾಕುವ ಅವಸರ ಅವರಿಗಿಲ್ಲ. 1 ಸಮುವೇಲ 1:1ರಲ್ಲಿ ಸಮುವೇಲನ ಅಪ್ಪ ಎಲ್ಕಾನ ಎಫ್ರಾಯೀಮಿನವನು. 1 ಪೂರ್ವಕಾಲವೃತ್ತಾಂತ 6ರಲ್ಲಿ ಅದೇ ಎಲ್ಕಾನ ಲೇವಿಯ ವಂಶದವನು, ಅದೂ ಕೋರಹನ ಪೈಕಿ. ಯಾಜಕತ್ವಕ್ಕಾಗಿ 250 ಜನರನ್ನು ಕಟ್ಟಿಕೊಂಡು ಮೋಶೆಯ ಎದುರು ನಿಂತನಲ್ಲ, ಆ ಕೋರಹ! ಎಫ್ರಾಯೀಮಿನ ಸೀಮೆಯಲ್ಲೂ ಲೇವಿಯರ ಊರುಗಳಿದ್ದವು, ಆದ್ದರಿಂದ ಎರಡೂ ಸರಿ ಅನ್ನುವವರಿದ್ದಾರಂತೆ. ಬಲಿ ಕೊಟ್ಟವನು ಲೇವಿಯೇ ಆಗಿರಬೇಕು ಅಂತ ಆಮೇಲೆ ಪಟ್ಟಿಗೆ ಸೇರಿಸಿಕೊಂಡರು ಅನ್ನುವವರೂ ಇದ್ದಾರಂತೆ. ಆದರೆ ಲೇವಿ ಆದರೂ ಆರೋನನ ಮಗ ಆಗಲಿಲ್ಲ, ಅಲ್ವಾ? ಹುಡುಗನ ಪ್ರಶ್ನೆ ಅರ್ಧ ಹಾಗೇ ಉಳಿಯಿತು.

ಅರಸ ದಾವೀದನ ಮಕ್ಕಳ ಕಥೆ ಇನ್ನೂ ಮಜಾ. 2 ಸಮುವೇಲ 8:18ರ ಹೀಬ್ರೂನಲ್ಲಿ ಅವರನ್ನು 'ಕೋಹನೀಮ್' ಅಂದಿದೆ, ಅಂದರೆ ಯಾಜಕರು. ದಾವೀದ ಲೇವಿಯೇ ಅಲ್ಲ, ಯೆಹೂದ ಕುಲದವನು! ಪೂರ್ವಕಾಲವೃತ್ತಾಂತ ಬರೆದವರು ಅದೇ ಮಾತು ಬಂದಾಗ ಯಾಜಕ ಅನ್ನುವ ಪದ ಬಿಟ್ಟು, ಅರಸನ ಬಳಿಯ ಮುಖ್ಯಸ್ಥರು ಎಂದು ಬರೆದರು. ಅವರಿಗೂ ಮುಜುಗರ ಆಗಿರಬೇಕು.

ಮೂರನೇ ಶನಿವಾರ, ಸಮುವೇಲನನ್ನು ಬೆಳೆಸಿದ ಯಾಜಕ ಏಲಿಯ ಕುರಿತ ಪಾಠ. ನನ್ನ ಮಟ್ಟಿಗೆ 900 ರೂಪಾಯಿ ಅವತ್ತೇ ವಸೂಲಾಯಿತು. ನಿನ್ನ ಮನೆಯವರು ಸದಾಕಾಲ ನನ್ನ ಸನ್ನಿಧಿಯಲ್ಲಿರುವರು ಅಂದಿದ್ದೆ, ಈಗ ಅದು ಬೇಡ ಅಂತ ದೇವರೇ ಏಲಿಗೆ ಹೇಳುತ್ತಾನೆ (1 ಸಮುವೇಲ 2:30). ಸದಾಕಾಲ ಅಂದಮೇಲೂ ಬೇಡ! ಕೊನೆಗೆ ದಾವೀದನ ಮಗ ಅರಸ ಸೊಲೊಮೋನ, ಏಲಿಯ ವಂಶದ ಯಾಜಕ ಎಬ್ಯಾತಾರನನ್ನು ಅನಾತೋತ್ ಅನ್ನುವ ಊರಿಗೆ ಅಟ್ಟಿ, ಅವನ ಜಾಗದಲ್ಲಿ ಚಾದೋಕನನ್ನು ಕೂರಿಸಿದ. ಎಬ್ಯಾತಾರನ ಕಡೆಯವರು ಈತಾಮಾರನ ಸಂತತಿ, ಚಾದೋಕ ಎಲ್ಲಾಜಾರನ ಸಂತತಿ. ಈತಾಮಾರ, ಎಲ್ಲಾಜಾರ ಇಬ್ಬರೂ ಆರೋನನ ಮಕ್ಕಳೇ. ಆಮೇಲೆ ಪ್ರವಾದಿ ಯೆಹೆಜ್ಕೇಲ ಬಂದು, ದೇವರ ಹತ್ತಿರ ಬರುವ ಹಕ್ಕು ಚಾದೋಕನ ವಂಶಕ್ಕೆ ಮಾತ್ರ ಅಂದ. ಧರ್ಮೋಪದೇಶಕಾಂಡ 18 ನೋಡಿದರೆ ಲೇವಿ ಕುಲಕ್ಕೆಲ್ಲಾ ಬಾಗಿಲು ತೆಗೆದಿಟ್ಟ ಹಾಗಿದೆ. ದಾಯಾದಿಗಳ ಜಗಳದ ಕಾಗದಪತ್ರ ಓದಿದ ಹಾಗಿತ್ತು ನನಗೆ.

ಇನ್ನು ಚಾರ್ಟು. ನಾಲ್ಕನೇ ವಾರ ಬಂತು, ಸುತ್ತಿದ ಕೊಳವೆಯ ಒಂದು ತುದಿ ನಜ್ಜುಗುಜ್ಜು. ಬಿಚ್ಚಿ ನೋಡಿದರೆ ಆರೋನ, ಎಲ್ಲಾಜಾರ, ಫೀನೆಹಾಸ, ಏಲಿ, ಎಬ್ಯಾತಾರ, ಚಾದೋಕ, ಎಲ್ಲರೂ ಒಂದೇ ನೇರ ಗೆರೆಯಲ್ಲಿ! ಈತಾಮಾರನ ಗೆರೆ ಅವನಲ್ಲೇ ನಿಂತಿದೆ. ಎಬ್ಯಾತಾರ, ಚಾದೋಕ ಇಬ್ಬರೂ ಒಂದೇ ಗೆರೆಯವರಾದರೆ ಒಬ್ಬನನ್ನು ಅಟ್ಟಿ ಇನ್ನೊಬ್ಬನನ್ನು ಕೂರಿಸಿದ್ದಕ್ಕೆ ಅರ್ಥವೇನು? ಸಮುವೇಲನನ್ನಂತೂ ಲೇವಿಯ ಕೆಳಗೆ ನೀಟಾಗಿ ಕೂರಿಸಿದ್ದಾರೆ, ಎಫ್ರಾಯೀಮಿನ ಸುದ್ದಿಯೇ ಇಲ್ಲ. ಪಾಸ್ಟರ್ ಪಾಠ ಕೇಳದೇ ಬೇರೆ ಯಾರೋ ಮಾಡಿದ ಚಾರ್ಟು ಇದು. ಫೋನ್ ಮಾಡಿದರೆ ಆಫೀಸಿನ ಹುಡುಗಿ, "ಮಕ್ಕಳಿಗೆ ಗೊಂದಲ ಆಗಬಾರದು ಅಂತ ಸರಳ ಮಾಡಿದ್ದೇವೆ ಮೇಡಂ" ಅಂದಳು. ಬದಲಿ ಚಾರ್ಟೂ ಇಲ್ಲ, ದುಡ್ಡು ವಾಪಸ್ಸೂ ಇಲ್ಲ.

ಯೆಹೂದ್ಯರು ಬಾಬೆಲಿನ ಸೆರೆಯಿಂದ ಮರಳಿದಾಗ ವಂಶದ ಪಟ್ಟಿಯಲ್ಲಿ ಹೆಸರು ಸಿಗದ ಮೂರು ಮನೆತನಗಳನ್ನು ಯಾಜಕತ್ವದಿಂದ ಹೊರಗಿಟ್ಟರು ಅಂತ ಎಜ್ರ 2ರಲ್ಲಿದೆ. ಚಾರ್ಟು ಮಾಡಿದವರಿಗೆ ಅದನ್ನು ಓದಿಸಬೇಕಿತ್ತು.

ಕ್ಲಾಸಿನ ರೆಕಾರ್ಡಿಂಗ್ ಏಳೇ ದಿನ ಇರುತ್ತದೆ, ನೋಟ್ಸ್ ಬರೆದುಕೊಳ್ಳಿ. ಕೊನೆಯ ವಾರದ ಇಬ್ರಿಯರಿಗೆ ಪತ್ರದ ಪಾಠ ಓಡಿಸಿಬಿಟ್ಟರು. ಆರೋನನ ವಂಶದವನಲ್ಲದೆಯೂ ಯಾಜಕನಾಗಿದ್ದ ಮೆಲ್ಕಿಚೆದೇಕನಿಗೆ ಸಿಕ್ಕಿದ್ದು ಹತ್ತೇ ನಿಮಿಷ.

ಚಾರ್ಟಿಗೆ ಕೆಂಪು ಪೆನ್ನಿನಲ್ಲಿ ಹೊಸ ಗೆರೆ ಎಳೆದು ಸಂಡೇ ಸ್ಕೂಲಿನ ಗೋಡೆಗೆ ಅಂಟಿಸಿದೆ. ಹುಡುಗ ಬಂದು ಮೇಲಿಂದ ಕೆಳಗೆ ಬೆರಳಾಡಿಸಿದ. "ಟೀಚರ್, 2 ಸಮುವೇಲ 20ರಲ್ಲಿ ಈರ ಅಂತ ಒಬ್ಬ ಇದ್ದಾನೆ, ದಾವೀದನ ಯಾಜಕ. ಅವನೆಲ್ಲಿ?" ಬಲಗಡೆ ಮೂಲೆಯಲ್ಲಿ ಜಾಗ ಇತ್ತು. ಪೆನ್ನು ಅವನ ಕೈಗೇ ಕೊಟ್ಟೆ.