ಅಲ್ಯೂಮಿನಿಯಂಗೆ ಬಣ್ಣ: ಆನೊಡೈಸಿಂಗ್ ಬೇಕಾ, ಪೌಡರ್ ಕೋಟಿಂಗ್ ಸಾಕಾ?

ಆನೊಡೈಸಿಂಗ್‌ನಲ್ಲಿ ಬಣ್ಣ ಮೇಲೆ ಬಳಿದದ್ದಲ್ಲ. ಸಲ್ಫ್ಯೂರಿಕ್ ಆಮ್ಲದಲ್ಲಿ ಅಲ್ಯೂಮಿನಿಯಂ ತುಂಡನ್ನು ಮುಳುಗಿಸಿ ಕರೆಂಟ್ ಹರಿಸುತ್ತಾರೆ. ಲೋಹದ ಮೈಯೇ ಗಟ್ಟಿ ಆಕ್ಸೈಡ್ ಪದರವಾಗುತ್ತದೆ, ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಡೈ, ಅಂದರೆ ಬಣ್ಣದ ದ್ರಾವಣ, ಆ ರಂಧ್ರಗಳಿಗೆ ಇಳಿಯುತ್ತದೆ. ಆಮೇಲೆ ಕುದಿಯುವಷ್ಟು ಬಿಸಿ ನೀರಿನಲ್ಲಿ ಇಟ್ಟರೆ ರಂಧ್ರಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಹಾಗಾಗಿ ಬಣ್ಣ ಸಿಪ್ಪೆಯಂತೆ ಏಳುವುದಿಲ್ಲ, ಲೋಹದ ಹೊಳಪೂ ಉಳಿಯುತ್ತದೆ. ಎಷ್ಟು ಚೆಂದ ಅಲ್ವಾ!

ಪೌಡರ್ ಕೋಟಿಂಗ್ ಬೇರೆ ದಾರಿ. ಬಣ್ಣದ ಪುಡಿ ಸಿಂಪಡಿಸಿ, ಸುಮಾರು 180–200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸುತ್ತಾರೆ. ಉಕ್ಕಿಗೂ ಆಗುತ್ತದೆ, ಸಣ್ಣ ಗೀರುಗಳನ್ನೂ ಮುಚ್ಚುತ್ತದೆ. ಆನೊಡೈಸಿಂಗ್ ಗೀರು ಮುಚ್ಚುವುದಿಲ್ಲ. ಸಿಲಿಕಾನ್ ಜಾಸ್ತಿ ಇರುವ ಎರಕದ ಅಲ್ಯೂಮಿನಿಯಂ ಮೇಲಂತೂ ಬಣ್ಣ ಮಂಕಾಗಿ, ಕಲೆಕಲೆಯಾಗಿ ಬರುತ್ತದೆ.

ಅಳತೆ ಬಿಗಿಯಾಗಿರುವ ಭಾಗಗಳಿಗೆ, ಸ್ಕ್ರೂ ಮರೆಗಳಿರುವ (ಥ್ರೆಡ್ ಇರುವ) ತುಂಡುಗಳಿಗೆ ನನ್ನ ಆಯ್ಕೆ ಆನೊಡೈಸಿಂಗೇ. ಡೈ ಹಾಕುವ ಪದರ ಸಾಮಾನ್ಯವಾಗಿ 10–25 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು), ಅದರಲ್ಲೂ ಒಂದು ಪಾಲು ಒಳಮುಖವಾಗಿ ಬೆಳೆಯುತ್ತದೆ. ಪೌಡರ್ ಪದರ 60 ಮೈಕ್ರಾನ್ ದಾಟುವುದು ಸಾಮಾನ್ಯ.

ಬಿಸಿಲಲ್ಲಿ ಇರುವ ವಸ್ತುವಾದರೆ ಯೋಚಿಸಿ. ಸಾವಯವ (ಇಂಗಾಲ ಆಧಾರಿತ) ಡೈಗಳಲ್ಲಿ ಹಲವು ಮಾಸುತ್ತವೆ. ಕಂಚು, ಕಪ್ಪು ಛಾಯೆ ಸಾಕೆಂದರೆ ಡೈ ಬಿಟ್ಟು ತವರದ ಲವಣದಿಂದ ವಿದ್ಯುತ್ತಿನ ಮೂಲಕವೇ ಬಣ್ಣ ತರಿಸಿ, ಅದು ಬಿಸಿಲಿಗೆ ಚೆನ್ನಾಗಿ ತಡೆಯುತ್ತದೆ.