ಸಾಕುನಾಯಿಯ ಸಾವಿನ ಬಗ್ಗೆ ದೂರು ಕೊಡುವ ಯೋಚನೆಯಿದ್ದರೆ ಮಣ್ಣು ಮಾಡಲು ಅವಸರಪಡಬೇಡಿ

ಕಳೆದ ಬೇಸಿಗೆಯಲ್ಲಿ ದಾವಣಗೆರೆಯ ಖಾಸಗಿ ಪ್ರಾಣಿ ಚಿಕಿತ್ಸಾಲಯವೊಂದರಲ್ಲಿ ಮೂರು ದಿನ ಚಿಕಿತ್ಸೆ ಪಡೆದ ನಮ್ಮ ಏಳು ವರ್ಷದ ಹೆಣ್ಣುನಾಯಿ ಗೌರಿ ತೀರಿಕೊಂಡಳು. ಚಿಕಿತ್ಸೆಯಲ್ಲಿ ಲೋಪವಾಗಿದೆ ಎಂದು ನಾವು ಇಂದಿಗೂ ನಂಬಿದ್ದೇವೆ. ಆದರೆ ಅದನ್ನು ತೋರಿಸಿಕೊಡಲು ಬೇಕಾಗಿದ್ದ ಪುರಾವೆಯನ್ನು ಅಂದೇ ರಾತ್ರಿ ನಮ್ಮ ಕೈಯಾರೆ ಮಣ್ಣು ಮಾಡಿದೆವು.

ಗೌರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರಲಿಲ್ಲ. ಬೆದೆ ಮುಗಿದು ಒಂದು ತಿಂಗಳಾಗಿತ್ತು. ಊಟ ಬಿಟ್ಟು, ಬಟ್ಟಲುಗಟ್ಟಲೆ ನೀರು ಕುಡಿದು ವಾಂತಿ ಮಾಡುತ್ತಿದ್ದಳು, ಹೊಟ್ಟೆ ಉಬ್ಬಿತ್ತು. ಇದನ್ನೆಲ್ಲ ಹೇಳಿದರೂ ಅಲ್ಲಿದ್ದವರು, "ಏನಿಲ್ಲಮ್ಮ, ಬಿಸಿಲಿಗೆ ಗ್ಯಾಸ್ ಆಗಿದೆ" ಎಂದು ಎರಡು ಇಂಜೆಕ್ಷನ್ ಕೊಟ್ಟು ಕಳುಹಿಸಿದರು. ಎರಡನೆಯ ದಿನ ಸ್ಕ್ಯಾನಿಂಗ್ ಮಾಡಿಸಬೇಕೇ ಎಂದು ನಾನೇ ಕೇಳಿದೆ, ಬೇಡವೆಂದರು. ಮೂರನೆಯ ದಿನ ಸಂಜೆ ಅವಳು ನನ್ನ ಮಡಿಲಲ್ಲೇ ಪ್ರಾಣ ಬಿಟ್ಟಳು. ಮಕ್ಕಳ ಅಳು ನೋಡಲಾಗದೆ ಅಂದೇ ರಾತ್ರಿ ಊರಿನ ತೋಟದಲ್ಲಿ ಗುಂಡಿ ತೋಡಿಸಿ, ಉಪ್ಪು ಹಾಕಿ ಮುಚ್ಚಿಬಿಟ್ಟೆವು.

ವಾರದ ನಂತರ ಸರ್ಕಾರಿ ಪಶು ಆಸ್ಪತ್ರೆಯ ವೈದ್ಯರೊಬ್ಬರು, ನಾವು ಹೇಳಿದ ಲಕ್ಷಣಗಳು ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಎಂಬ ಕಾಯಿಲೆಗೆ ಹೊಂದುತ್ತವೆ, ಅದು ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ, ಸಾಮಾನ್ಯವಾಗಿ ಗರ್ಭಕೋಶವನ್ನೇ ತೆಗೆದು ಉಳಿಸುತ್ತಾರೆ ಎಂದು ವಿವರಿಸಿದರು. "ಆದರೆ ಮರಣೋತ್ತರ ಪರೀಕ್ಷೆ ಇಲ್ಲದೆ ನಾನು ಹಾಗೆಂದು ಬರೆದುಕೊಡಲಾರೆ" ಎಂದೂ ಹೇಳಿದರು. ಅವರ ಮಾತು ನ್ಯಾಯವಾದದ್ದೇ. ಪ್ರಾಣಿ ಸತ್ತಿತೆಂಬ ಒಂದೇ ಕಾರಣಕ್ಕೆ ವೈದ್ಯರ ನಿರ್ಲಕ್ಷ್ಯ ಸಾಬೀತಾಗುವುದಿಲ್ಲ. ಸಾವಿನ ಕಾರಣ, ಆ ಸ್ಥಿತಿಯಲ್ಲಿ ಸಾಮಾನ್ಯ ಎಚ್ಚರವುಳ್ಳ ವೈದ್ಯರು ಮಾಡುತ್ತಿದ್ದ ಪರೀಕ್ಷೆ, ಇವರು ಬಿಟ್ಟದ್ದು, ಈ ಮೂರನ್ನೂ ದೂರುದಾರರೇ ಜೋಡಿಸಿ ತೋರಿಸಬೇಕು.

ಆದ್ದರಿಂದ ಎಷ್ಟೇ ಸಂಕಟವಿದ್ದರೂ ದೇಹವನ್ನು ಕೂಡಲೇ ಮಂಜುಗಡ್ಡೆಯ ನಡುವೆ ತಂಪಾಗಿಡಿ. ನಮ್ಮ ಕಡೆಯ ಬೇಸಿಗೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ಕೆಡತೊಡಗುತ್ತದೆ. ಹೆಪ್ಪುಗಟ್ಟಿಸಲು ಹೋಗಬೇಡಿ, ಅದರಿಂದ ಅಂಗಾಂಶಗಳು ಹಾಳಾಗಿ ಪರೀಕ್ಷೆಗೆ ತೊಡಕಾಗುತ್ತದೆ. ಮರಣೋತ್ತರ ಪರೀಕ್ಷೆಯನ್ನು ಚಿಕಿತ್ಸೆ ಕೊಟ್ಟವರಿಂದಲ್ಲದೆ ಬೇರೆಯವರಿಂದ ಮಾಡಿಸಿ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಲಿಖಿತವಾಗಿ ಕೋರಿಕೊಳ್ಳಿ. ಅಲ್ಲಿ ಆಗದಿದ್ದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ.

ನಮ್ಮ ಎರಡನೆಯ ತಪ್ಪು ಕಾಗದಗಳದ್ದು. ಮೂರು ದಿನವೂ ನಗದು ಕೊಟ್ಟೆವು, ರಸೀದಿ ಕೇಳಲಿಲ್ಲ. ಸಿಕ್ಕಿದ ಚೀಟಿಯಲ್ಲಿ ಔಷಧಿಯ ಹೆಸರಿತ್ತೇ ಹೊರತು ವೈದ್ಯರ ಹೆಸರಾಗಲಿ, ನೋಂದಣಿ ಸಂಖ್ಯೆಯಾಗಲಿ ಇರಲಿಲ್ಲ. ಆಮೇಲೆ ಚಿಕಿತ್ಸೆಯ ದಾಖಲೆ ಕೇಳಲು ಹೋದಾಗ, ಅಂಥದ್ದೇನೂ ಇಟ್ಟಿಲ್ಲ ಎಂಬ ಉತ್ತರ ಬಂತು. ಬಾಯಿಮಾತಿನಲ್ಲಿ ಕೇಳಿದ್ದರಿಂದ, ಕೇಳಿದ್ದೆವು ಎಂಬುದಕ್ಕೂ ನಮ್ಮಲ್ಲಿ ಆಧಾರ ಉಳಿಯಲಿಲ್ಲ.

ನೋಂದಣಿ ಸಂಖ್ಯೆಯೇಕೆ ಮುಖ್ಯವೆಂದರೆ, 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ತು ಕಾಯಿದೆಯ ಪ್ರಕಾರ ನೋಂದಾಯಿತರಲ್ಲದವರು ಪಶುವೈದ್ಯ ವೃತ್ತಿ ನಡೆಸುವಂತಿಲ್ಲ. ನೋಂದಾಯಿತ ವೈದ್ಯರ ವೃತ್ತಿ ದುರ್ನಡತೆಯ ದೂರು ಕರ್ನಾಟಕ ಪಶುವೈದ್ಯಕೀಯ ಪರಿಷತ್ತಿಗೆ ಹೋಗಬೇಕು. ಆದರೆ ಪರಿಷತ್ತು ಪರಿಹಾರ ಕೊಡಿಸುವುದಿಲ್ಲ. ಹಣ ಕೊಟ್ಟು ಪಡೆದ ಸೇವೆಯಲ್ಲಿನ ಲೋಪಕ್ಕೆ ಪರಿಹಾರ ಬೇಕಿದ್ದವರು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ಅಲ್ಲಿ 2 ವರ್ಷದೊಳಗೆ ದೂರು ದಾಖಲಿಸಬೇಕು, ಸೇವೆಗೆ ಕೊಟ್ಟ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಎಲ್ಲಿಂದ ಆರಂಭಿಸಬೇಕೆಂದು ತೋಚದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಆ ಚಿಕಿತ್ಸಾಲಯದ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಪುರಾವೆಯಿಲ್ಲದೆ ಹೆಸರು ಹಾಕಿದರೆ ನಾಳೆ ಮಾನಹಾನಿಯ ನೋಟಿಸಿಗೆ ಉತ್ತರಿಸಬೇಕಾದವಳು ನಾನೇ. ಸಿಟ್ಟಿನಲ್ಲಿ ಚಿಕಿತ್ಸಾಲಯಕ್ಕೆ ಹೋಗಿ ಕೂಗಾಡುವುದೂ ಬೇಡ. ನನ್ನ ಯಜಮಾನರು ಹಾಗೆ ಮಾಡಿದ ಮೇಲೆ ಅಲ್ಲಿಯವರು ನಮ್ಮೊಡನೆ ಮಾತನ್ನೇ ನಿಲ್ಲಿಸಿದರು. ಅದರ ಬದಲು ಅದೇ ದಿನ ಕುಳಿತು, ಯಾವ ಹೊತ್ತಿಗೆ ಯಾವ ಲಕ್ಷಣ ಹೇಳಿದಿರಿ, ಅವರು ಏನೆಂದರು, ಯಾವ ಔಷಧಿ ಕೊಟ್ಟರು ಎಂಬುದನ್ನು ದಿನಾಂಕ ಸಹಿತ ಬರೆದಿಡಿ. ಖಾಲಿ ಔಷಧಿ ಸೀಸೆ, ಫೋನಿನ ಸಂದೇಶ, ಫೋಟೊ ಯಾವುದನ್ನೂ ಅಳಿಸಬೇಡಿ. ದಾಖಲೆಯ ಪ್ರತಿಯನ್ನು, ತಲುಪಿದ್ದಕ್ಕೆ ಪುರಾವೆ ಸಿಗುವ ಸ್ಪೀಡ್ ಪೋಸ್ಟ್‌ನಲ್ಲೇ ಕೇಳಿ.